ನಾಗಕ್ಕನ ಹೂಂ

ನಮ್ಮ ಕತೆಕೂಟದ ದಾಖಲೆ ಪುಸ್ತಕದಲ್ಲಿ ನಾಗಕ್ಕನ ಹೆಸರೇ ಇರಲಿಲ್ಲ. ಎರಡು ವರ್ಷ ಒಂದು ಭಾನುವಾರವೂ ತಪ್ಪಿಸದೆ ಬಂದವಳು ಆಕೆ. ಪುಸ್ತಕ ಬರೆಯುತ್ತಿದ್ದವಳು ನಾನೇ, ಹಿರೇಹಡಗಲಿಯ ಟೇಲರ್ ಶಿವಬಸಮ್ಮ. ಕತೆಯ ಹೆಸರಿಗೆ ಒಂದು ಕಾಲಂ, ಹೇಳಿದವರ ಹೆಸರಿಗೆ ಒಂದು, ತಾರೀಖಿಗೆ ಒಂದು, ಸ್ಕೇಲು ಹಿಡಿದು ನೆಟ್ಟಗೆ ಗೆರೆ ಎಳೆದಿದ್ದೆ. ನಾಗಕ್ಕ ಕತೆ ಹೇಳುವವಳಲ್ಲ, ಕತೆಗೆ ಹೂಂ ಅನ್ನುವವಳು. ಅದಕ್ಕೂ ಒಂದು ಕಾಲಂ ಬೇಕೆಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಈಗ ಆ ಕಾಲಂ ಇದೆ. ಅದು ಹೇಗೆ ಬಂತು ಅನ್ನುವುದನ್ನು ಹೇಳಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ. ನನಗೆ ಮುಚ್ಚಿಡುವ ಬುದ್ಧಿ ಇಲ್ಲ.

ಮೊದಲು ಕೂಟದ ವಿಷಯ. ತೊಂಬತ್ತೆರಡು ತೊಂಬತ್ತಮೂರರ ಸುಮಾರಿಗೆ ದೊಡ್ಡವರಿಗೆ ಅಕ್ಷರ ಕಲಿಸುವ ಚಳವಳಿ ನಮ್ಮ ಕಡೆ ಬಂದಾಗ ನಾನೂ ಉಮೇದಿನಿಂದ ಸ್ಲೇಟು, ಬಳಪ ಹಿಡಿದುಕೊಂಡು ಹದಿನಾಲ್ಕು ಹೆಂಗಸರನ್ನು ಕೂಡಿಸಿದೆ. ಅಕ್ಷರ ಕಲಿತವರು ಐದೇ ಜನ. ಉಳಿದವರು 'ಅ' ಬರೆಯುವುದರೊಳಗೆ ಯಾವಳೋ ಒಬ್ಬಳು ಕತೆ ತೆಗೆಯುತ್ತಿದ್ದಳು, ಸ್ಲೇಟು ಮಡಿಲಲ್ಲೇ ಉಳಿಯುತ್ತಿತ್ತು. ಬೈದೆ, ಕೂಗಾಡಿದೆ, ಯಾರೂ ಕೇಳಲಿಲ್ಲ. ಕ್ಲಾಸು ಮುಚ್ಚಿದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಮನೆಮನೆಗೂ ಟೀವಿ ಬಂದು ಕತೆ ಹೇಳುವವರ ಬಾಯಿ ಕಟ್ಟಿಹೋಗಿತ್ತು. ಇವರು ಕಲಿತದ್ದಾದರೂ ಉಳಿಯಲಿ ಎಂದು ತೊಂಬತ್ತಾರರಲ್ಲಿ ನನ್ನ ಹೊಲಿಗೆ ಕೋಣೆಯಲ್ಲೇ ಕತೆಕೂಟ ಶುರು ಮಾಡಿದೆವು. ಭಾನುವಾರ ಮಧ್ಯಾಹ್ನ ಉಂಡು ಬರಬೇಕು, ಕೇಳಿದ ಕತೆಯನ್ನು ಮುಂದಿನ ವಾರ ಇನ್ನೊಬ್ಬಳು ಹೇಳಬೇಕು, ಕಾಗದ ನೋಡಬಾರದು. ಹೊಳಲಿನಿಂದ ಬಸ್ಸು ಹಿಡಿದು ಬರುವವರೂ ಇದ್ದರು.

ಕೂಟದಲ್ಲಿ ದೊಡ್ಡ ಕತೆಗಾರ್ತಿ ಎಂದರೆ ದ್ಯಾಮಕ್ಕ. ಎತ್ತರದ ಹೆಂಗಸು, ಎತ್ತರದ ದನಿ, ಆಗಲೇ ಅರವತ್ತೈದು ದಾಟಿತ್ತು. ಆಕೆಯ ಮೈದುನನ ಹೆಂಡತಿ ನಾಗಕ್ಕ. ನಾಗಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಒಂದೇ ಮನೆಯಲ್ಲಿ ದ್ಯಾಮಕ್ಕನ ಜೊತೆಗೇ ಇದ್ದಳು. ದ್ಯಾಮಕ್ಕ ಹೇಳುವಾಗ ನಾಗಕ್ಕ ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದಳು. ಹೂಂ ಅನ್ನುವುದರಲ್ಲಿ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ನಾಲ್ಕು ವಾರ ಕಿವಿಗೊಟ್ಟು ಕೇಳಿದ ಮೇಲೆ ತಿಳಿಯಿತು. ಕತೆಯ ಹುಡುಗಿ ಅಡವಿ ದಾಟುವಾಗ ನಾಗಕ್ಕನ ಹೂಂ ಉದ್ದವಾಗುತ್ತಿತ್ತು. ಬಾಗಿಲು ಬಡಿದ ಸದ್ದಾದರೆ ಮೊಟಕಾಗುತ್ತಿತ್ತು. ಸುಳ್ಳುಗಾರ ಮಾತಾಡಿದರೆ ಆ ಹೂಂನಲ್ಲೇ ಅನುಮಾನ ಇರುತ್ತಿತ್ತು. ದ್ಯಾಮಕ್ಕ ಅದನ್ನು ಕೇಳಿಸಿಕೊಂಡೇ ಮುಂದಿನ ಮಾತು ಎತ್ತುತ್ತಿದ್ದಳು. ಹೂಂ ಬರದಿದ್ದರೆ ಹೇಳಿದ ಮಾತನ್ನೇ ಮತ್ತೆ ಹೇಳುವುದು, ಮೂರು ಸಲ ಹೇಳಿದರೂ ಬರದಿದ್ದರೆ ಕತೆ ಅಲ್ಲಿಗೇ ಇಳಿಸುವುದು ಅವರ ಮನೆಯ ರೂಢಿ. ಇಳಿಸಿದ ಕತೆಯನ್ನು ಆ ದಿನ ಮತ್ತೆ ಎತ್ತುವ ಹಾಗಿಲ್ಲ. ಎಳೆಯ ಹುಡುಗಿಯರಿಗೆ ಹೂಂ ಅನ್ನಲು ಬಿಟ್ಟಾಗ ಅವರು ಮರೆತದ್ದಕ್ಕೆ ದ್ಯಾಮಕ್ಕ ನಡುವೆಯೇ ಎದ್ದುಹೋದದ್ದನ್ನು ನಾನೇ ಎರಡು ಸಲ ನೋಡಿದ್ದೆ.

ತೊಂಬತ್ತೆಂಟರ ಬೇಸಿಗೆಯಲ್ಲಿ ರೇಡಿಯೋದವರು ನಮ್ಮ ಕೂಟದ ಒಂದು ಕತೆ ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದು ಪತ್ರ ಬರೆದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲು ಒಂದು ದಿನ ಜಾಗ ನೋಡಲು ಪ್ರವೀಣಕುಮಾರ್ ಎಂಬ ಹುಡುಗಮುಖದ ಮನುಷ್ಯ ಬಂದ. ಕಿವಿಗೆ ದೊಡ್ಡ ಬಟ್ಟಲಿನಂಥ ಹೆಡ್‌ಫೋನು ಸಿಕ್ಕಿಸಿಕೊಂಡು, ಹೇಳುವವರು ಬಿಟ್ಟು ಯಾರೂ ಸದ್ದು ಮಾಡಬಾರದು ಎಂದ. ದ್ಯಾಮಕ್ಕ ಎರಡು ಮಾತು ಹೇಳಿ ನಿಂತಳು. ಮತ್ತೆ ಅದೇ ಎರಡು ಮಾತು ಹೇಳಿದಳು. ಯಾರೂ ಕೇಳುತ್ತಿಲ್ಲವಲ್ಲ, ಗೋಡೆಗೆ ಹೇಳಲೇನು ಎಂದು ಸಿಟ್ಟಾದಳು. ಕೊನೆಗೆ ಪ್ರವೀಣಕುಮಾರನೇ ಸೋತು, ಆಯಿತು ಆ ಅಮ್ಮನೂ ಹೂಂ ಅನ್ನಲಿ ಎಂದು ನಾಗಕ್ಕನ ಮುಂದೆಯೂ ಒಂದು ಮೈಕು ಇಡಲು ಒಪ್ಪಿದ. ಕತೆ ಯಾವುದು ಎಂದು ಕೇಳಿದ. ನಾನು ಯೋಚಿಸದೆ, ದ್ಯಾಮಕ್ಕನ 'ಏಳು ಗಂಟಿನ ಸೆರಗು' ಎಂದೆ. ಪುಸ್ತಕದಲ್ಲೂ ಹಾಗೆಯೇ ಇತ್ತು. ನಾಗಕ್ಕ ನನ್ನ ಮುಖ ನೋಡಿದಳು.

ಮಾರನೆಯ ದಿನ ಬೆಳಿಗ್ಗೆ ಆಕೆ ಒಬ್ಬಳೇ ನನ್ನ ಕೋಣೆಗೆ ಬಂದಳು. ಹರಿಯದ ರವಿಕೆ ತಂದು ಹೊಲಿಗೆ ಬಿಟ್ಟಿದೆ ನೋಡು ಎಂದಳು. ಹೊಲಿಗೆ ಗಟ್ಟಿಯಾಗಿತ್ತು. ನನ್ನ ಮಿಶನ್ನಿನ ಸದ್ದು ನಿಲ್ಲುವವರೆಗೆ ಕಾದು ಕೇಳಿದಳು:

"ಶಿವಬಸಮ್ಮ, ರೇಡಿಯೋದಾಗ ಬಂದದ್ದನ್ನ ಮತ್ತ ತಿದ್ದಾಕ ಬರ್ತೈತೇನು?"

ಇಲ್ಲ, ಒಮ್ಮೆ ಹೋದದ್ದು ಹೋದ ಹಾಗೆಯೇ, ಊರೂರಿನವರೂ ಹಾಗೇ ಕೇಳುತ್ತಾರೆ ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ಹಂಗಾದ್ರ ಏಳನೇ ಗಂಟಿಗೆ ನಾ ಹೂಂ ಅನ್ನಂಗಿಲ್ಲ," ಎಂದಳು ನಾಗಕ್ಕ. "ನಮ್ಮವ್ವ ಕಟ್ಟಿದ್ದು ಬಂಗಾರ ಅಲ್ಲ."

ಆ ಬೆಳಿಗ್ಗೆ ಆಕೆ ಹೇಳಿದ್ದನ್ನು ಇಲ್ಲಿ ಇಡುತ್ತೇನೆ. ಎರಡು ವರ್ಷದಲ್ಲಿ ಆಕೆ ನನ್ನ ಹತ್ತಿರ ಆಡಿದ ಮಾತೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ.

ನಾಗಕ್ಕನ ತವರು ಹರಪನಹಳ್ಳಿ ಕಡೆಯ ಸಣ್ಣ ಹಳ್ಳಿ. ತಾಯಿ ಹೊನ್ನೂರಮ್ಮ, ಒಬ್ಬಳೇ ಮಗಳನ್ನು ಕೂಲಿನಾಲಿ ಮಾಡಿ ಸಾಕಿದವಳು. ಏಳು ಗಂಟಿನ ಸೆರಗು ಆ ತಾಯಿಯ ಕತೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿಯೊಬ್ಬಳು ಮಗಳ ಸೆರಗಿಗೆ ಏಳು ಗಂಟು ಹಾಕಿ, ಒಂದೊಂದು ಕಷ್ಟಕ್ಕೆ ಒಂದೊಂದು ಬಿಚ್ಚು ಅನ್ನುತ್ತಾಳೆ. ಅತ್ತೆ ಉಪ್ಪಿಲ್ಲದೆ ಅಡುಗೆ ಮಾಡು ಎಂದಾಗ ಒಂದು ಗಂಟಿನಲ್ಲಿ ಉಪ್ಪು. ಹರಿದ ಕೌದಿ ಕೊಟ್ಟಾಗ ಒಂದರಲ್ಲಿ ಸೂಜಿ. ಹೀಗೆ ಆರು ಕಷ್ಟ ದಾಟುತ್ತದೆ. ಏಳನೆಯ ಕಷ್ಟಕ್ಕೆ ಹೆಸರೇ ಇಲ್ಲ, ಆ ಹುಡುಗಿಗೆ ತಡೆಯಲಿಕ್ಕೇ ಆಗುವುದಿಲ್ಲ. ಏಳನೆಯ ಗಂಟು ಬಿಚ್ಚಿದರೆ ಒಳಗೆ ತವರಿನ ಹೊಸ್ತಿಲಿನ ಒಂದು ಚಿಟಿಕೆ ಮಣ್ಣು. ಬಾ ಎಂದು ಅದರ ಅರ್ಥ. ಹುಡುಗಿ ಆ ಮಣ್ಣು ಮುಷ್ಟಿಯಲ್ಲಿ ಹಿಡಿದು ನಡೆದು ನಡೆದು ತವರು ಮುಟ್ಟುತ್ತಾಳೆ. ತಾಯಿ ಬಾಗಿಲಲ್ಲೇ ಕಾಯುತ್ತಿರುತ್ತಾಳೆ. ಬಂದ್ಯಾ ನನ್ನ ಮಗಳ, ಅನ್ನುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಸಣ್ಣವಳಿದ್ದಾಗ ಆ ಮಾತಿಗೆ ಹೂಂ ಅನ್ನುತ್ತಿದ್ದವಳು ನಾಗಕ್ಕ. ಹೂಂ ಅಂದ ಮೇಲೆ ತಾಯಿ ಎಳೆದು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದಳಂತೆ.

ಹದಿನೈದಕ್ಕೆ ಮದುವೆಯಾಗಿ ಹಿರೇಹಡಗಲಿಗೆ ಬಂದಳು. ಮಲ್ಲಿಗೆ ತೋಟದ ಮನೆ. ಆ ಮನೆಯಲ್ಲಿ ಕಿರಿಯ ಸೊಸೆ ಮಾವನ ಮುಂದೆ, ಗಂಡನ ಅಣ್ಣನ ಮುಂದೆ ಬಾಯಿ ತೆಗೆಯುವ ಹಾಗಿರಲಿಲ್ಲ. ಆಕೆಯ ದನಿ ಅವರ ಕಿವಿಗೆ ಬೀಳಬಾರದು. ಗಂಡನ ಅಣ್ಣನೆಂದರೆ ದ್ಯಾಮಕ್ಕನ ಗಂಡ ಹುಲುಗಪ್ಪ. ಸಂಜೆ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಎಲ್ಲರೂ ಕೂತಾಗ ದ್ಯಾಮಕ್ಕ ಕತೆ ಹೇಳುತ್ತಿದ್ದಳು, ಹಿರಿಯ ಸೊಸೆಗೆ ಆ ಸಲಿಗೆ ಇತ್ತು. ಬೆಳಗಿನ ಜಾವ ಮೊಗ್ಗು ಬಿಡಿಸುವಾಗ ಗಿಡಗಳ ಮರೆಯಲ್ಲಿ ನಾಗಕ್ಕ ತನ್ನ ತಾಯಿಯ ಕತೆಗಳನ್ನು ದ್ಯಾಮಕ್ಕನ ಕಿವಿಯಲ್ಲಿ ಹೇಳಿದಳು. ಸಂಜೆ ದ್ಯಾಮಕ್ಕ ಅವನ್ನು ಪಡಸಾಲೆಯಲ್ಲಿ ಹೇಳಿದಳು. ಬಾಗಿಲ ಸಂದಿನಿಂದ ನಾಗಕ್ಕ ಹೂಂ ಅಂದಳು. ಮೊದಲ ದಿನ ಎಲ್ಲರೂ ಗಾಬರಿಯಾಗಿ ಮಾವನ ಕಡೆ ನೋಡಿದರಂತೆ. ಹಿರಿಯ ಒಂದು ಗಳಿಗೆ ಯೋಚಿಸಿ, ಹೂಂ ಅನ್ನುವುದು ಮಾತಲ್ಲ, ಅನ್ನಲಿ ಬಿಡು ಎಂದನಂತೆ. ಆ ಮನೆಯಲ್ಲಿ ನಾಗಕ್ಕನಿಗೆ ಸಿಕ್ಕ ಸ್ವಾತಂತ್ರ್ಯ ಅದೊಂದೇ.

ಏಳನೇ ಗಂಟನ್ನು ಹಾಗೇ ಹೇಳಲು ದ್ಯಾಮಕ್ಕನಿಗೆ ಧೈರ್ಯ ಬರಲಿಲ್ಲ. ಸೊಸೆ ಮನೆ ಬಿಟ್ಟು ನಡೆದಳು ಎಂದು ಮಾವನ ಮುಂದೆ ಯಾವ ಸೊಸೆ ಹೇಳಿಯಾಳು? ಗಂಟಿನಲ್ಲಿ ಬಂಗಾರದ ನಾಣ್ಯ ಇತ್ತು, ಸೊಸೆ ಅದನ್ನು ಅತ್ತೆಯ ಪಾದಕ್ಕೆ ಸುರಿದಳು, ಮನೆ ಬೆಳಗಿತು ಎಂದು ತಿರುಗಿಸಿಬಿಟ್ಟಳು. ಮಾವ ಖುಷಿಯಾದ. ನಾಗಕ್ಕ ಅದಕ್ಕೂ ಹೂಂ ಅಂದಳು. ಆಗ ಇಬ್ಬರೂ ಮಾರನೆಯ ಬೆಳಿಗ್ಗೆ ಮಲ್ಲಿಗೆ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದರಂತೆ. ಅವರಿಬ್ಬರ ನಡುವೆ ಅಷ್ಟು ಪ್ರೀತಿ ಇತ್ತು, ಈಗಲೂ ಇದೆ.

ಮದುವೆಯಾಗಿ ಹತ್ತು ಹನ್ನೊಂದು ವರ್ಷಕ್ಕೆ, ಮೊಗ್ಗು ಭರ್ತಿ ಬಿಡುವ ಬೇಸಿಗೆಯಲ್ಲಿ, ತವರಿನಿಂದ ಆಳು ಬಂದ. ಹೊನ್ನೂರಮ್ಮ ಹಾಸಿಗೆ ಹಿಡಿದಿದ್ದಾಳೆ, ಮಗಳು ಕೂಡಲೇ ಬರಬೇಕು. ಹುಲುಗಪ್ಪ ತನ್ನ ಹೆಂಡತಿಗೆ ಹೇಳಿದ: ಹೂವಿನ ಕಾಲ, ಕೈ ಕಡಿಮೆ ಆಗುತ್ತದೆ, ಎಂಟು ದಿನ ಬಿಟ್ಟು ಕಳಿಸೋಣ. ಆಗ ಯಜಮಾನಿಕೆ ಅವನದೇ ಆಗಿತ್ತು. ನಾಗಕ್ಕ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಬಾಯಿ ತೆಗೆಯುವ ಹಾಗಿಲ್ಲ. ಐದನೆಯ ದಿನ ತಾಯಿ ತೀರಿದಳು. ಹಾಸಿಗೆಯನ್ನು ಬಾಗಿಲಿಗೇ ಎಳೆಸಿಕೊಂಡು, ದಾರಿ ನೋಡುತ್ತ ಮಲಗಿದ್ದಳಂತೆ. ಅದಾದ ಮೇಲೂ ಮೂವತ್ತು ವರ್ಷ ನಾಗಕ್ಕ ಬಂಗಾರದ ಗಂಟಿಗೆ ಹೂಂ ಅನ್ನುತ್ತಲೇ ಬಂದಳು. ಮನೆಯೊಳಗೆ, ನಾಲ್ಕು ಜನರ ನಡುವೆ ಹೇಳುವ ಸುಳ್ಳು ಹೇಗೋ ನಡೆಯುತ್ತದೆ, ಆದರೆ ರೇಡಿಯೋದಲ್ಲಿ ಹೋದರೆ ನಮ್ಮವ್ವ ಕರೆದದ್ದೇ ಸುಳ್ಳಾಗುತ್ತದೆ ಎಂದಳು. ಕಣ್ಣೀರು ಬರಲಿಲ್ಲ ಆಕೆಗೆ. ನಾನೇ ಮಿಶನ್ನಿನ ಮೇಲೆ ತಲೆ ಇಟ್ಟು ಅತ್ತೆ.

ಅವತ್ತೇ ಸಂಜೆ ದ್ಯಾಮಕ್ಕನ ಹತ್ತಿರ ಹೋದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಗೊತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದ್ಯಾಮಕ್ಕ ಕೆಂಡವಾದಳು. ನಲವತ್ತು ವರ್ಷ ಅವಳಿಗೆ ಬಾಯಾಗಿ ದುಡಿದೆ, ಈಗ ನನ್ನ ಬಾಯಿಯೇ ತಪ್ಪಾಯಿತೇ ಎಂದಳು. ನನ್ನನ್ನೂ ಬಿಡಲಿಲ್ಲ, ಎರಡು ಮನಸ್ಸಿನ ನಡುವೆ ಕತ್ತರಿ ಆಡಿಸಲು ಬಂದಿದ್ದೀಯೆ ಅಂದಳು. ನಾನೂ ಸುಮ್ಮನಿರಲಿಲ್ಲ. ಜಗಳ ಮುಗಿದು ಇಬ್ಬರಿಗೂ ದಣಿವಾದ ಮೇಲೆ ಆಕೆ ಕಟ್ಟೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಹೇಳಿದಳು:

"ಹೆಣ್ಮಕ್ಕಳಷ್ಟ ಇದ್ರ ಮಣ್ಣು ಅಂತನ ಹೇಳ್ತೀನಿ. ಆಮ್ಯಾಗ ರೇಡಿಯೋದಾಗ ಕೇಳಿದ್ರ ಕೇಳ್ಲಿ, ಎದುರಿಗೆ ಕುಂತ ನಮ್ಮನಿಯವ್ರ ಮುಂದ ಹ್ಯಾಂಗ ಹೇಳ್ಲಿ? ನೀವು ಆಕಿನ್ನ ಕಳಿಸಲಿಲ್ಲ ಅಂತ ನಾಕು ಮಂದ್ಯಾಗ ನಾನ ಅವ್ರಿಗೆ ಬಯ್ದಂಗಾಗ್ತೈತಿ."

ಭಾನುವಾರದ ಕೂಟದಲ್ಲಿ ಗಂಡಸರು ಇರುವುದೇ ಇಲ್ಲ, ಪ್ರವೀಣಕುಮಾರ್ ಒಬ್ಬ ಬಿಟ್ಟರೆ ಗಂಡುಪಿಳ್ಳೆಯೂ ಒಳಗೆ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ. ನಾಗಕ್ಕನಿಗೂ ಹೇಳಿದೆ. ಆಕೆ ಹೂಂ ಅಂದಳು.

ಆ ಭಾನುವಾರ ಬಂತು. ಕೋಣೆ ಸಾರಿಸಿ, ಮಿಶನ್ನು ಮೂಲೆಗೆ ಸರಿಸಿ, ಕಂಬಳಿ ಹಾಸಿದ್ದೆ. ಹೊಳಲಿನವರೂ ಸೇರಿ ಹತ್ತೊಂಬತ್ತು ಹೆಂಗಸರು. ಪ್ರವೀಣಕುಮಾರ್ ವೈರು ಎಳೆದು, ಮೈಕು ನಿಲ್ಲಿಸಿ, ಐದು ಗಂಟೆಯ ಬಸ್ಸು ತಪ್ಪಿದರೆ ತನಗೆ ಬೇರೆ ಇಲ್ಲ, ನಾಳೆ ಇನ್ನೊಂದು ಊರು ಎಂದು ಎರಡೆರಡು ಸಲ ಹೇಳಿದ. ದ್ಯಾಮಕ್ಕ ಗೋಡೆಗೆ ಒರಗಿ ಕೂತಳು. ನಾಗಕ್ಕ ಮೊಳಕಾಲು ತಾಗುವಷ್ಟು ಹತ್ತಿರ ಕೂತು, ಅವತ್ತು ಸೆರಗನ್ನು ತಲೆಯಿಂದ ಹೆಗಲಿಗೆ ಇಳಿಸಿದ್ದಳು. ಮುಖ ಎಷ್ಟು ಬೆಳ್ಳಗೆ ಕಾಣುತ್ತಿತ್ತು ಎಂದು ನನಗೆ ಇನ್ನೂ ನೆನಪಿದೆ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಕೋಲು ಊರಿದ ಸದ್ದಾಯಿತು.

ಹುಲುಗಪ್ಪ. ಎಂಬತ್ತರ ಹತ್ತಿರದ ಮುದುಕ, ಒಗೆದ ಪಂಚೆ, ಹೊಸ ರುಮಾಲು. ತನ್ನ ಹೆಂಡತಿಯ ಕತೆ ರೇಡಿಯೋಕ್ಕೆ ಹೋಗುವುದನ್ನು ನೋಡಲು ಮೊಮ್ಮಗನ ಹೆಗಲು ಹಿಡಿದು ಬಂದಿದ್ದ. ಹೊಸ್ತಿಲ ಆಚೆ ನಿಂತು ಒಳಗೆ ಬರಬಹುದೋ ಹೇಗೆ ಎಂದು ಕೇಳಿದ. ಇವತ್ತು ಹೆಂಗಸರಷ್ಟೇ ಯಜಮಾನರೇ ಎಂದು ಒಂದು ಮಾತು ಅಂದಿದ್ದರೆ ಆತ ತಿರುಗಿ ಹೋಗುತ್ತಿದ್ದ, ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ. ಇಡೀ ಊರಿಗೆ ಬಾಯಿ ಮಾಡುವ ಶಿವಬಸಮ್ಮ ನಾನು. ಹೊಸ್ತಿಲಲ್ಲಿ ಹಿರಿಯರು ನಿಂತರೆ ನಾಲಿಗೆ ತಾನಾಗಿ ಆಡುವ ಮಾತು ಒಂದೇ, ಅದನ್ನೇ ಆಡಿಬಿಟ್ಟೆ.

"ಬರ್ರಿ, ಯಜಮಾನ್ರ. ಕುಂದರ್ರಿ."

ಬರೀ ಅಂದದ್ದಲ್ಲ. ಗಿರಾಕಿಗಳಿಗೆ ಇಟ್ಟಿದ್ದ ಒಂದೇ ಕುರ್ಚಿಯನ್ನು ಎಳೆದು ತಂದು, ಸೆರಗಿನಿಂದ ಒರೆಸಿ, ಎಲ್ಲರ ಮುಂದೆ, ದ್ಯಾಮಕ್ಕನ ಎದುರಿಗೇ ಇಟ್ಟೆ. ಆತ ಕೂತ ಮೇಲೆಯೇ ನಾನು ಏನು ಮಾಡಿದೆ ಎಂದು ಹೊಳೆದದ್ದು. ನಾಗಕ್ಕ ಆಗಲೇ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ದ್ಯಾಮಕ್ಕ ನನ್ನನ್ನು ನೋಡಿದ ನೋಟಕ್ಕೆ ಮಾತು ಬೇಕಿರಲಿಲ್ಲ. ಈಗ ಎಬ್ಬಿಸಿ ಕಳಿಸಿದರೆ ಹತ್ತೊಂಬತ್ತು ಜನರ ಮುಂದೆ ಹಿರಿಯನಿಗೆ ಅವಮಾನ. ಪ್ರವೀಣಕುಮಾರ್ ಬೆರಳೆತ್ತಿ ಶುರು ಮಾಡಿ ಎಂದು ಸನ್ನೆ ಮಾಡಿದ. ಪೆಟ್ಟಿಗೆಯ ಮೇಲೆ ಸಣ್ಣ ಕೆಂಪು ದೀಪ ಹತ್ತಿತು.

ದ್ಯಾಮಕ್ಕ ಹೇಳತೊಡಗಿದಳು. ಅವತ್ತಿನಷ್ಟು ಚೆನ್ನಾಗಿ ಆಕೆ ಎಂದೂ ಹೇಳಿರಲಿಲ್ಲ, ಹಾಳಾದದ್ದು. ನಾಗಕ್ಕನ ಹೂಂ ಗೋಡೆಗೆ ಬಡಿದು ಮೈಕಿಗೆ ಬರುತ್ತಿತ್ತು. ಮೊದಲ ಗಂಟು ಬಿಚ್ಚಿತು, ಹೂಂ. ಎರಡನೆಯದು, ಹೂಂ. ನಾನು ಬಾಗಿಲ ಬಳಿ ನಿಂತು ಬೆರಳು ಮಡಚುತ್ತಿದ್ದೆ. ಕತೆ ನಿಧಾನವಾಗಲಿ, ನಡುವೆ ಕರೆಂಟಾದರೂ ಹೋಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಬೇಡವಾದಾಗಲೆಲ್ಲ ಹೋಗುವ ಕರೆಂಟು ಅವತ್ತು ಹೋಗಲಿಲ್ಲ. ಹುಲುಗಪ್ಪ ಕೋಲಿನ ಮೇಲೆ ಗದ್ದ ಇಟ್ಟು, ಎಷ್ಟೋ ಸಲ ಕೇಳಿದ ಕತೆಯನ್ನು ಸಂತೋಷದಿಂದ ಕೇಳುತ್ತಿದ್ದ. ಐದಾಯಿತು. ಆರಾಯಿತು. ದ್ಯಾಮಕ್ಕನ ದನಿ ಒಂದು ಕ್ಷಣ ತಡೆಯಿತು. ಗಂಡನ ಮುಖ ನೋಡಿದಳು, ನಾಗಕ್ಕನ ಬೆನ್ನು ನೋಡಿದಳು.

"ಏಳನೇ ಗಂಟು ಬಿಚ್ಚಿದ್ಲು. ಒಳಗ ಥಳಥಳ ಬಂಗಾರ."

ಹೂಂ ಬರಲಿಲ್ಲ.

ಟೇಪು ತಿರುಗುವ ಸಣ್ಣ ಸದ್ದು ಕೇಳುತ್ತಿತ್ತು. ಪ್ರವೀಣಕುಮಾರ್ ಕಿವಿಯ ಬಟ್ಟಲು ಒತ್ತಿ ಹಿಡಿದು, ಏನಾಯಿತು ಎಂದು ನನ್ನತ್ತ ಕೈ ತಿರುವಿದ. ನಾನು ತಲೆ ತಗ್ಗಿಸಿದೆ. ದ್ಯಾಮಕ್ಕ ಎರಡನೆಯ ಸಲ ಹೇಳಿದಳು, ಈ ಸಲ ದನಿ ಸಣ್ಣದಾಗಿತ್ತು. ಒಳಗೆ ಬಂಗಾರ. ನಾಗಕ್ಕನ ಬೆನ್ನು ಕಲ್ಲಿನ ಹಾಗೆ ನೆಟ್ಟಗಿತ್ತು. ಹೊಳಲಿನಿಂದ ಬಂದವಳೊಬ್ಬಳು ಮರ್ಯಾದೆ ಉಳಿಸಲೆಂದು ಹಿಂದಿನಿಂದ ತಾನೇ ಹೂಂ ಅಂದಳು. ದ್ಯಾಮಕ್ಕ ಕೈಯೆತ್ತಿ ತಡೆದಳು. ಯಾರ ಹೂಂನಿಂದ ಕತೆ ಎದ್ದಿತೋ ಅವರ ಹೂಂನಿಂದಲೇ ಮುಗಿಯಬೇಕು.

ಹುಲುಗಪ್ಪನಿಗೆ ಈಗ ಅಸಮಾಧಾನವಾಯಿತು. ಆತ ನಾಗಕ್ಕನ ಜೊತೆ ನೇರವಾಗಿ ಮಾತಾಡುವವನಲ್ಲ, ನಲವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಹೆಂಡತಿಗೆ ಹೇಳಿದ, ಆಕೆಗೆ ಏನಾಗಿದೆ, ಹೂಂ ಅನ್ನಲು ಹೇಳು ಎಂದು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಎಂಟು ದಿನ ಬಿಟ್ಟು ಕಳಿಸೋಣ ಎಂದದ್ದೂ ಇದೇ ದನಿಯಲ್ಲೇ ಇರಬೇಕು. ಆತ ಯಾವತ್ತೂ ಕೂಗಾಡಿದವನಲ್ಲ, ಕೂಗಾಡುವ ಅಗತ್ಯವೇ ಬಿದ್ದಿರಲಿಲ್ಲ. ಆ ಮಾತು ಕೇಳಿ ನಾಗಕ್ಕ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಹೂಂ ಮಾತ್ರ ಬರಲಿಲ್ಲ.

ಇನ್ನು ಒಂದೇ ಸಲ ಉಳಿದಿತ್ತು. ಈಗಲೂ ಬಂಗಾರ ಎಂದರೆ ಕತೆ ಇಳಿಯುತ್ತದೆ, ಪ್ರವೀಣಕುಮಾರ್ ಐದು ಗಂಟೆಯ ಬಸ್ಸು ಹತ್ತುತ್ತಾನೆ, ಹೊನ್ನೂರಮ್ಮನ ಕತೆ ಅವನ ಟೇಪಿನಲ್ಲಿ ಆರು ಗಂಟಿಗೇ ನಿಲ್ಲುತ್ತದೆ. ಮಣ್ಣು ಎಂದರೆ ಎಂಬತ್ತು ವರ್ಷದ ಗಂಡನ ಮುಖಕ್ಕೆ ಹೊಡೆದ ಹಾಗೆ. ದ್ಯಾಮಕ್ಕನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಆ ಹೆಂಗಸಿನ ಮೇಲೆ ನನಗೆ ಅಂಥ ಕನಿಕರ ಎಂದೂ ಬಂದಿರಲಿಲ್ಲ. ಆಕೆ ಮೈಕನ್ನು ನಿಧಾನವಾಗಿ ನಾಗಕ್ಕನ ಕಡೆ ಸರಿಸಿದಳು. ಆ ಮನೆಯ ರೂಢಿಯಲ್ಲಿ ಎಂದೂ ಇಲ್ಲದ ಕೆಲಸವೊಂದನ್ನು ಮಾಡಿದಳು. ಹೂಂ ಅನ್ನುವವಳನ್ನೇ ಕೇಳಿದಳು.

"ನಾಗೀ, ಏಳನೇ ಗಂಟಿನಾಗ ಏನಿತ್ತು?"

ನಾಗಕ್ಕ ಗೋಡೆಗೇ ಮುಖ ಇಟ್ಟುಕೊಂಡು ಹೇಳಿದಳು.

"ಹೊಸ್ತಿಲ ಮಣ್ಣು. ತವರಿನದು."

ಸಣ್ಣ ದನಿ, ಆದರೆ ಒಡೆದಿರಲಿಲ್ಲ. ಹುಲುಗಪ್ಪ ತಲೆ ಎತ್ತಿದ. ತನ್ನ ತಮ್ಮನ ಹೆಂಡತಿ ಮಾತಾಡಿದರೆ ದನಿ ಹೇಗಿದೆ ಎಂದು ಆತನಿಗೆ ಗೊತ್ತಾದದ್ದು ಆಗಲೇ. ಮಾತಿನ ಅರ್ಥ ಆಮೇಲೆ ತಿಳಿಯಿತು. ತಿಳಿದದ್ದು ಆತನ ಮುಖದಲ್ಲಿ ಕಂಡಿತು. ಕೋಲು ಊರಿ ಎದ್ದುನಿಂತ. ಎಲ್ಲರೂ ದಾರಿ ಬಿಡಲು ಸರಿದರು.

"ಕುಂದರ್ರಿ," ಎಂದಳು ದ್ಯಾಮಕ್ಕ. "ಕತಿ ನಡುವ ಏಳಬಾರದು."

ಗಂಡನಿಗೆ ಆಕೆ ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮುದುಕ ನಿಂತೇ ಇದ್ದ. ಆಮೇಲೆ ಕೂತ. ದ್ಯಾಮಕ್ಕ ನಾಗಕ್ಕನ ಬೆನ್ನಿನ ಮೇಲೆ ಕೈಯಿಟ್ಟು, ಹೂಂ ಎಂದಳು. ಕತೆ ಕೈ ಬದಲಾಯಿಸಿತು.

ನಾಗಕ್ಕ ಹೇಳಿದಳು. ಅಲಂಕಾರವಿಲ್ಲ, ಏರಿಳಿತವಿಲ್ಲ, ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ಹುಡುಗಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಳು. ಹೂಂ, ಎಂದಳು ದ್ಯಾಮಕ್ಕ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಬಾಗಿಲು ದಾಟಿದಳು. ಹೂಂ. ಹಳ್ಳ ಬಂತು, ಹಳ್ಳ ದಾಟಿದಳು. ಕತ್ತಲಾಯಿತು, ನಿಲ್ಲಲಿಲ್ಲ. ದ್ಯಾಮಕ್ಕನಿಗೆ ಹೂಂ ಅನ್ನಲು ಬರುತ್ತಿರಲಿಲ್ಲ, ಎಲ್ಲದಕ್ಕೂ ಒಂದೇ ಥರ ಅನ್ನುತ್ತಿದ್ದಳು, ಆದರೂ ಬಿಡದೆ ಅಂದಳು. ಹೇಳುತ್ತ ಹೇಳುತ್ತ ನಾಗಕ್ಕ ತವರೂರಿನ ದಾರಿಗೆ ಬಂದಳು, ಬೇವಿನ ಗಿಡ ಬಂತು, ಮನೆ ಕಂಡಿತು.

"ಬಾಗಿಲಾಗ ಅವ್ವ," ಎಂದಳು. "ಬಾಗಿಲಾಗ ಅವ್ವ ಹಾಸಿಗಿ..."

ಅಲ್ಲಿಗೆ ನಿಂತುಹೋಯಿತು. ಹಾಸಿಗೆ ಆ ಕತೆಯಲ್ಲಿ ಇರಲಿಲ್ಲ, ಅದು ಕತೆಯ ಹೊರಗಿನದು. ಪ್ರವೀಣಕುಮಾರ್ ಬಸ್ಸನ್ನು ಮರೆತು ಬಟ್ಟಲು ಹಿಡಿದುಕೊಂಡೇ ಕೂತಿದ್ದ. ಕುರ್ಚಿಯಲ್ಲಿ ಹುಲುಗಪ್ಪ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು, ನೆಲ ನೋಡುತ್ತಿದ್ದ. ಈಗಲೂ ಕತೆ ಬಾಗಿಲಲ್ಲೇ ಉಳಿದೀತು ಎಂದು ಹೆದರಿದೆ.

ಮಲ್ಲಿಗೆ ಸಾಲಿನಲ್ಲಿ ನಲವತ್ತನಾಲ್ಕು ವರ್ಷದ ಹಿಂದೆ ಕೇಳಿದ, ಆಮೇಲೆ ಒಂದು ದಿನವೂ ಹೇಳದ ಆ ಕಡೆಯ ಮಾತು ದ್ಯಾಮಕ್ಕನಿಗೆ ಮರೆತಿರಲಿಲ್ಲ. ಆಕೆ ನಾಗಕ್ಕನ ಗದ್ದ ಹಿಡಿದು ಗೋಡೆಯಿಂದ ತನ್ನ ಕಡೆ ತಿರುಗಿಸಿಕೊಂಡಳು. ಸೆರಗನ್ನು ಹಿಂದಕ್ಕೆ ಸರಿಸಿದಳು. ಎತ್ತರದ ದನಿಯ ದ್ಯಾಮಕ್ಕ ಅಷ್ಟು ಮೆಲ್ಲಗೆ ಮಾತಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

"ಅವ್ವ ಅಂದ್ಲು: ಬಂದ್ಯಾ, ನನ್ನ ಮಗಳ?"

ನಾಗಕ್ಕ ಆಕೆಯ ಮುಖ ನೋಡಿದಳು.

"ಹೂಂ," ಎಂದಳು.